ಎರಡು ತೂತು ಹಿಂದಕ್ಕೆ

ಪೋರ್ಟ್ ಪಿರಿ
ಆಗಸ್ಟ್ ೧೧, ೧೯೯೬, ಭಾನುವಾರ

ಪ್ರೀತಿಯ ಡ್ಯಾರಿಲ್,

ಹೇಗಿದ್ದೀಯ ಕಂದ? ದವಡೆಯ ಬಾವು ಇಳಿಯಿತೇ? ಹೋದ ಸಲ ನಾನು ನೋಡಲು ಬಂದಾಗ ನೀನು ಸ್ನಾನದ ಕೋಣೆಯಲ್ಲಿ ಜಾರಿಬಿದ್ದೆ ಅಂದೆ. ಮೂವತ್ತು ವರ್ಷ ನಿಮ್ಮಪ್ಪನ ಜೊತೆ ಸಂಸಾರ ಮಾಡಿದವಳಿಗೆ ಜಾರಿಬಿದ್ದದ್ದು ಯಾವುದು, ಗುದ್ದು ತಿಂದದ್ದು ಯಾವುದು ಅಂತ ತಿಳಿಯುವುದಿಲ್ಲವೇ? ಆ ಸುಳ್ಳನ್ನು ಊರಿಗೆಲ್ಲ ಹೇಳಿಕೊಂಡು ಬಂದವಳೇ ನಾನು. ನಿನಗೆ ಹೊಡೆದವನ ಕೈ ಸೇದಿಹೋಗಲಿ. ಬೆಚ್ಚಗಿನ ಕಾಲುಚೀಲ ಕಳಿಸಿದ್ದೇನೆ, ಜೈಲಿನವರು ನಿನ್ನ ಕೈಗೆ ಕೊಟ್ಟರೆ ಹಾಕಿಕೊ. ನನಗೆ ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದಿವೆ, ಗಾಬರಿಯಾಗಬೇಡ, ಆ ಕಥೆಗೇ ಬರುತ್ತಿದ್ದೇನೆ.

ಇಪ್ಪತ್ತೊಂದನೇ ತಾರೀಕು ನಿನ್ನ ಅಪೀಲು. ಅಲ್ಲಿಯೂ ಅದೇ ಒಂದು ಪ್ರಶ್ನೆ, ನೀನು ಒತ್ತಿದ್ದು ಬ್ರೇಕೋ ಎಕ್ಸಲರೇಟರೋ. ಬ್ರೇಕು ಎಂದಾದರೆ ಅದು ಅಪಘಾತ, ನೀನು ಮನೆಗೆ ಬರುತ್ತೀಯ. ಇಲ್ಲವಾದರೆ ಹೆತ್ತ ಅಪ್ಪನ ಮೇಲೆ ಬೇಕೆಂದೇ ಕಾರು ಹತ್ತಿಸಿದವನಾಗಿ ಇನ್ನೂ ಆರು ವರ್ಷ ಅಲ್ಲೇ ಕೊಳೆಯಬೇಕು.

ಕಾರು ಅವನ ಮೇಲೆ ಹತ್ತಿದ ಆ ಭಾನುವಾರದ ಹಿಂದಿನ ದಿನ ನಡೆದದ್ದು ನಿನಗೆ ಗೊತ್ತಿಲ್ಲ. ನೀನು ಸೀಸದ ಕಾರ್ಖಾನೆಗೆ ಶನಿವಾರದ ಪಾಳಿಗೆ ಹೋಗಿದ್ದೆ. ಕಾರು ಕ್ಲಬ್ಬಿನವರು ನಮ್ಮ ಕಾರು ನೋಡಲು ಬಂದರು, ನಾನು ಶೆಡ್ಡಿಗೆ ಟೀ, ಸ್ಕೋನು ತೆಗೆದುಕೊಂಡು ಹೋದೆ. ಮೂರು ವರ್ಷ ಬಿಡಿಭಾಗಗಳ ಪೆಟ್ಟಿಗೆ ಬಿಚ್ಚಿ ಬಿಚ್ಚಿ ಮನೆಯಲ್ಲೇ ಜೋಡಿಸಿದ ಕಾರು, ನಿಮ್ಮಪ್ಪ ಎದೆಯುಬ್ಬಿಸಿಕೊಂಡು ಒಳಗೆ ಕೂತ. ಕೂತರೇನು, ಆ ಪೆಡಲುಗಳನ್ನು ನೀನು ನಿನ್ನ ಉದ್ದನೆಯ ಒಂಟೆಕಾಲಿಗೆ ಹೊಂದಿಸಿ ತೂತುಗಳ ಸಾಲಿನಲ್ಲಿ ತೀರ ಮುಂದಿನದಕ್ಕೆ ಬಿಗಿದಿದ್ದೆಯಲ್ಲ, ಬೆನ್ನಿಗೆ ನನ್ನ ಸೋಫಾದ ದಿಂಬು ಕೊಟ್ಟುಕೊಂಡರೂ ಅವನ ಹೆಬ್ಬೆರಳು ಕ್ಲಚ್ಚಿಗೆ ತಾಗಲಿಲ್ಲ. ಕ್ಲಬ್ಬಿನ ಮುದುಕ ಕ್ಲಾರಿ ಸುಮ್ಮನಿರುತ್ತಾನೆಯೇ? "ಏ ಮರ್ವ್, ಮಗನ ತೊಡೆ ಮೇಲೆ ಕೂತ್ಕೊಳ್ಳೋ, ಆಗ ಎಟುಕುತ್ತೆ!" ಎಂದ. ಎಲ್ಲರೂ ಟೀ ಚೆಲ್ಲಿಕೊಂಡು ನಕ್ಕರು. ನಾನೂ ನಕ್ಕುಬಿಟ್ಟೆ. ನಿಮ್ಮಪ್ಪ ಅವರನ್ನು ಯಾರನ್ನೂ ನೋಡಲಿಲ್ಲ, ನನ್ನನ್ನು ನೋಡಿದ. ಅವರ ಕಾರುಗಳು ಗೇಟು ದಾಟುವುದನ್ನೇ ಕಾದಿದ್ದು, ನನ್ನ ಕೂದಲು ಹಿಡಿದು ಹಣೆಯನ್ನು ಕೆಲಸದ ಮೇಜಿಗೆ ಬಿಗಿದ ವೈಸಿನ ಕಬ್ಬಿಣಕ್ಕೆ ಕುಟ್ಟಿದ. ಎರಡು ಸಲ. "ನಗ್ತೀಯೇನೇ? ಈಗ ನಗು, ನೋಡೋಣ" ಎಂದ.

ಮರುದಿನದ್ದು ನಿನಗೇ ಗೊತ್ತು. ತಿಂಡಿಗೆ ಕೂತವನು ನನ್ನ ಹಣೆ ನೋಡಿದೆ. ಬೀರುವಿನ ಬಾಗಿಲು ಬಡಿಯಿತು ಅಂದೆ ನಾನು. ನೀನು ಫೋರ್ಕು ಕೆಳಗಿಟ್ಟು, ಕಾರ್ಖಾನೆಯ ಬೂಟು ಮೆಟ್ಟಿಕೊಂಡು ಶೆಡ್ಡಿಗೆ ನಡೆದೆ. ನಾನು ಅಡುಗೆಮನೆಯ ಕಿಟಕಿಯಿಂದ ಎಲ್ಲ ನೋಡಿದೆ. ನೀನು ಮೊದಲು ಹೊಡೆದೆ, ಅದು ನಿಜ, ಅವನ ಮೂಗು ಒಡೆಯಿತು, ಸುಳ್ಳೇಕೆ, ನನಗೆ ಹಿತವಾಯಿತು. ಆಮೇಲೆ ಅವನು ಕಬ್ಬಿಣದ ಪೈಪು ಎತ್ತಿಕೊಂಡ. ನಿನ್ನ ಹೆಗಲಿಗೆ ಬಿದ್ದ ಏಟಿನ ಸದ್ದು ನನಗೆ ಒಲೆಯ ಹತ್ತಿರ ಕೇಳಿತು. ಎರಡನೆಯದು ಕಿವಿಗೆ ಬಿತ್ತು. ಹೊರಟುಹೋಗೋಣ ಎಂದು ನೀನು ಕಾರಿಗೆ ಹಾರಿದೆ. ಅವನು ಗೋಡೆಗೂ ಕಾರಿಗೂ ನಡುವೆ ನಿಂತು ಎರಡೂ ದೀಪ ಚಚ್ಚಿದ, ಗಾಜು ಚಚ್ಚಿದ, ಚೂರು ನಿನ್ನ ಮುಖಕ್ಕೆ ಎರಚಿತು. ಕಾರು ಒಂದು ಮೊಳ ಮುಂದೆ ಜಗ್ಗಿತು. ಆಮೇಲೆ ಹುಚ್ಚು ಹಿಡಿದಂತೆ ಅರಚಿಕೊಂಡು ನುಗ್ಗಿ ಅವನನ್ನು ಇಟ್ಟಿಗೆಗೋಡೆಗೆ ಒತ್ತಿಬಿಟ್ಟಿತು. ಅವನ ಎಡಗಾಲು ಮಂಡಿಯಿಂದ ಕೆಳಗೆ ಅಲ್ಲೇ ಹೋಯಿತು. "ಬ್ರೇಕು ಒತ್ತಿದೀನಮ್ಮಾ! ಬ್ರೇಕು ಒತ್ತಿದೀನಿ!" ಎಂದು ನೀನು ಕೂಗುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ.

ಕೋರ್ಟಿನಲ್ಲಿ ನೀನು ಪೆಡಲುಗಳು ತಮ್ಮ ಜಾಗದಲ್ಲಿರಲಿಲ್ಲ ಎಂದೆ. ಮೊದಲಿಂದಲೂ ಅವು ಅಲ್ಲೇ ಇದ್ದವು ಎಂದು ನಿಮ್ಮಪ್ಪ ಬೈಬಲ್ ಮುಟ್ಟಿ ಹೇಳಿದ. ನನ್ನನ್ನು ಕೇಳಿದರು. ನನಗೆ ಯಂತ್ರದ ವಿಷಯ ತಿಳಿಯದು ಅಂದೆ. ನೀನು ಆಗ ನನ್ನನ್ನು ನೋಡಿದೆಯಲ್ಲ, ಆ ನೋಟ ನನ್ನನ್ನು ತಿಂದುಹಾಕುತ್ತಿದೆ.

ಗುರುವಾರ ಮಧ್ಯಾಹ್ನ ನಿಮ್ಮಪ್ಪ ಮಲಗಿದ್ದಾಗ ಶೆಡ್ಡಿಗೆ ಹೋಗಿ ಕಾರಿನ ಹೊದಿಕೆ ತೆಗೆದೆ. ಮೂರು ಜೊತೆ ಕಾಲುಚೀಲ ಹಾಕಿ ನಿನ್ನ ಬೂಟು ಮೆಟ್ಟಿಕೊಂಡು ಒಳಗೆ ಕೂತೆ. ಯಾರಾದರೂ ನೋಡಿದ್ದರೆ ಮುದುಕಿಗೆ ತಲೆಕೆಟ್ಟಿದೆ ಅನ್ನುತ್ತಿದ್ದರು. ಬ್ರೇಕು ಒತ್ತಿದೆ. ಬೂಟಿನ ಅಂಚು ಎಕ್ಸಲರೇಟರನ್ನೂ ಜೊತೆಗೇ ಒತ್ತಿಕೊಂಡು ಹೋಯಿತು. ಹತ್ತು ಸಲ ಒತ್ತಿದೆ, ಹತ್ತು ಸಲವೂ ಹಾಗೆಯೇ. ಈಗಿನ ಜಾಗದಲ್ಲಿ ಎರಡೂ ಪೆಡಲು ಒತ್ತೊತ್ತಾಗಿ ಕೂತಿವೆ. ಅವನ ಪುಟ್ಟ ಪಾದಕ್ಕೆ, ತೆಳು ಅಟ್ಟೆಯ ಶೂಗೆ ಒಂದು ಬೆರಳು ಜಾಗ ಸಾಕು, ನಿನ್ನ ಬೂಟಿಗೆ ಎಲ್ಲಿಂದ ಸಾಲಬೇಕು? ಬಗ್ಗಿ ಟಾರ್ಚು ಬಿಟ್ಟರೆ, ಎರಡು ತೂತು ಮುಂದೆ, ಪೆಡಲು ಮೊದಲಿದ್ದ ಕಡೆ, ಬೋಲ್ಟಿನಡಿಯ ಹಳೆಯ ವಾಷರುಗಳ ದುಂಡನೆಯ ಗುರುತು ಬಣ್ಣದ ಮೇಲೆ ಹಾಗೆಯೇ ಕೂತಿದೆ.

ನೇರ ಒಳಗೆ ಹೋಗಿ ಅವನನ್ನು ಎಬ್ಬಿಸಿ ಕೇಳಿದೆ. ಊರುಗೋಲು ಬೀಸಿದ, ಹುಬ್ಬು ಸೀಳಿತು. ಕಣ್ಣಿಗೆ ರಕ್ತ ಇಳಿಯುತ್ತಿತ್ತು, ಆದರೂ ಊರುಗೋಲು ಕಿತ್ತುಕೊಂಡು ಅವನ ಉಳಿದ ಕಾಲಿಗೆ ಒಂದು ಬಿಟ್ಟೆ. ಮೂವತ್ತು ವರ್ಷದಲ್ಲಿ ಮೊದಲನೆಯದು. ಇನ್ನೊಂದು ಎತ್ತಿದಾಗ ಬಾಯಿಬಿಟ್ಟ. "ಹೌದು ಕಣೇ, ನಾನೇ ಸರಿಸಿದ್ದು. ನನ್ನ ಕಾರು, ನನ್ನ ಕಾಲು. ಅವನಿಗ್ಯಾಕೆ ಹೇಳ್ಬೇಕಿತ್ತು?" ಎಂದ. ಎತ್ತಿದ ಕೋಲನ್ನು ಸುಮ್ಮನೆ ಇಳಿಸಲು ಮನಸ್ಸು ಬರಲಿಲ್ಲ, ಅದನ್ನೂ ಬಿಟ್ಟೆ. ಅವನು ಮಗುವಿನಂತೆ ಅತ್ತ. ನನಗೆ ಅಯ್ಯೋ ಅನ್ನಿಸಲಿಲ್ಲ, ದೇವರು ಬೇಕಾದರೆ ಕೇಳಲಿ.

ಈಗ ಗಾಲರ್ ಊರಿನಲ್ಲಿರುವ ಬೆರಿಲ್ ಚಿಕ್ಕಮ್ಮನ ಮನೆಗೆ ಹೊರಟಿದ್ದೇನೆ, ನಾಯಿಯನ್ನೂ ಕರೆದುಕೊಂಡು. ನಿನ್ನ ವಕೀಲೆಗೆ ಫೋನು ಮಾಡಿದೆ, ಆ ವಾಷರು ಗುರುತುಗಳ ಫೋಟೋ ತೆಗೆಸಿದ್ದಾಳೆ. ಹುಡುಗಿ ಚುರುಕು, ಆದರೆ ಕಟ್ಟುನಿಟ್ಟು. "ಪೆಡಲು ಯಾವತ್ತು ಸರಿಸಿದ್ರು ಅಂತ ವಾಷರು ಹೇಳಲ್ಲಮ್ಮ. ಅವರು ನಿಮ್ಮ ಹತ್ರ ಒಪ್ಪಿಕೊಂಡಿದ್ದನ್ನ ಕೋರ್ಟಲ್ಲಿ ಇಲ್ಲ ಅಂದುಬಿಟ್ರೆ? ಸರಿಸುವಾಗ ಕಣ್ಣಾರೆ ಕಂಡವರು ಬೇಕು" ಎಂದಳು.

ಹೊಟ್ಟೆ ತುಂಬ ಊಟ ಮಾಡು. ಯಾರ ತಂಟೆಗೂ ಹೋಗಬೇಡ, ಮೈಮೇಲೆ ಬಂದರೆ ಮಾತ್ರ ಬಿಡಬೇಡ. ದೇವರು ನಿನ್ನ ಬೆನ್ನಿಗಿರಲಿ. ಬೆರಿಲ್ ನಿನಗೆ ಮುತ್ತು ಕಳಿಸಿದ್ದಾಳೆ.

ನಿನ್ನ ಅಮ್ಮ,
ಲೋರ್ನಾ

ಲಕೋಟೆ ಅಂಟಿಸಿದವಳು ಮತ್ತೆ ಕಿತ್ತೆ. ನೀನು ಕಾರು ಕಟ್ಟಿದವನು, ಇದು ನಿನ್ನ ತಲೆಗೆ ಬರದೇ ಇರುವುದಿಲ್ಲ. ಆ ಬೋಲ್ಟುಗಳನ್ನು ಒಬ್ಬರೇ ಬಿಗಿಯಲಾಗುವುದಿಲ್ಲ. ಒಬ್ಬರು ಒಳಗೆ ತಲೆಕೆಳಗಾಗಿ ಮಲಗಿ ತಿರುಗಿಸಬೇಕು, ಇನ್ನೊಬ್ಬರು ಎಂಜಿನ್ನಿನ ಕಡೆಯಿಂದ ನಟ್ಟು ಹಿಡಿದಿರಬೇಕು. ಹಿಡಿದವಳು ನಾನು. ಆ ಶನಿವಾರ ಹಣೆಯ ರಕ್ತ ಇನ್ನೂ ನಿಂತಿರಲಿಲ್ಲ, ಕೈಗೆ ಸ್ಪ್ಯಾನರು ತುರುಕಿ "ಹಿಡ್ಕೋ, ಅಲ್ಲಾಡಿದ್ರೆ ನೋಡು" ಎಂದ, ಹಿಡಿದೆ. ಆರು ಬೋಲ್ಟು. ಬೆಳಗ್ಗೆ ನಿನಗೆ ಮೊಟ್ಟೆ ಬಡಿಸುವಾಗ ಹೇಳಬಹುದಿತ್ತು, ಜಗಳವಾದೀತೆಂದು ಬಾಯಿಮುಚ್ಚಿಕೊಂಡೆ. ಕೋರ್ಟಿನಲ್ಲಿ ಹೇಳಬಹುದಿತ್ತು, ರಾತ್ರಿ ಅವನಿರುವ ಮನೆಗೇ ಹೋಗಬೇಕಲ್ಲ ಎಂದು ಹೆದರಿದೆ. ನಾನು ಬಾಯಿಬಿಡದೆ ಕಾರೇ ಹೇಳಲಿ, ಅವನೇ ಒಪ್ಪಲಿ ಎಂದು ಗುರುವಾರ ಶೆಡ್ಡಿಗೆ ಹೋದದ್ದು. ನಾಳೆ ಹತ್ತು ಗಂಟೆಗೆ ವಕೀಲೆಯ ಮುಂದೆ ಎಲ್ಲ ಬರೆದು ಸಹಿ ಹಾಕುತ್ತೇನೆ. ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ನನ್ನನ್ನೂ ಒಳಗೆ ಹಾಕಬಹುದಂತೆ, ಹಾಕಲಿ. ಹೊರಗೆ ಬಂದ ಮೇಲೆ ನನ್ನ ಮುಖ ನೋಡಬೇಕೆನ್ನಿಸದಿದ್ದರೆ ನೋಡಬೇಡ. ನೀನು ಬ್ರೇಕೇ ಒತ್ತಿದೆ, ಕಂದ. ಹದಿನಾಲ್ಕು ತಿಂಗಳಿಂದ ನನಗದು ಗೊತ್ತಿತ್ತು.