ಒಂದು ನಿಮಿಷದಲ್ಲಿ ಒಂಬತ್ತು ಪ್ರಶ್ನೆ

ಭಾನುವಾರ, ಬೆಳಿಗ್ಗೆ

ನನ್ನ ಮೇಲೆ ಮುನಿಸಿಕೊಂಡಿರುವ ಅಕ್ಕನಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ್ದರೂ ನಾನೇ ಕೇಳಿ, ನಾನೇ ಉತ್ತರ ಹೇಳಿ, ನಾನೇ ಇಟ್ಟುಬಿಡುತ್ತಿದ್ದೆ. ಅದಕ್ಕೇ ಈ ಕಾಗದ. ಇಲ್ಲಿ ನನ್ನ ಬಾಯಿ ಪೆನ್ನಿನ ಹಿಂದೆಯೇ ನಡೆಯಬೇಕು.

ಟೌನ್ ಹಾಲಿನ ಆ ಚರ್ಚೆಯಾಗಿ ಇವತ್ತಿಗೆ ಇಪ್ಪತ್ತು ದಿನ. ನೀನು ನೀರು ಪರೀಕ್ಷೆಯ ಲ್ಯಾಬಿನಿಂದ ಬಂದಿದ್ದೆ, ನಾನು ಪಕ್ಷದ ವಕ್ತಾರನಾಗಿ. ದೊಡ್ಡ ಟ್ಯಾಂಕಿನ ನೀರು ಕುಡಿಯಲು ಯೋಗ್ಯವಲ್ಲ, ಒಂದು ವಾರ ಮುಚ್ಚಿ ತೊಳೆಯಬೇಕು ಎಂದು ನೀನು ಹೇಳಿದೆ. ಚುನಾವಣೆ ಹತ್ತಿರವಿರುವಾಗ ವಾರವಿಡೀ ನಲ್ಲಿ ಬಂದ್ ಆಗುವುದು ನಮ್ಮವರಿಗೆ ಬೇಕಿರಲಿಲ್ಲ. ನಾನು ಮೈಕ್ ಹಿಡಿದು ಒಂದೇ ನಿಮಿಷದಲ್ಲಿ ಒಂಬತ್ತು ಪ್ರಶ್ನೆ ಎಸೆದೆ. ಸ್ಯಾಂಪಲ್ ತೆಗೆದದ್ದು ಯಾವ ದಿನ, ಬಾಟಲಿ ತೊಳೆದದ್ದು ಯಾರು, ಬೇರೆ ಟ್ಯಾಂಕ್ ಯಾಕೆ ನೋಡಲಿಲ್ಲ... ಏಳನೆಯದು ಏನೆಂದು ನನಗೇ ನೆನಪಿಲ್ಲ.

ಚಿಕ್ಕಂದಿನಿಂದಲೂ ನೀನು ಒಂದೊಂದಕ್ಕೂ ಒಂದೊಂದು ಬೆರಳು ಮಡಚಿ ಉತ್ತರ ಹೇಳುವವಳು. ಆ ದಿನದ ವಿಡಿಯೋದಲ್ಲಿ ನಿನ್ನ ಕಿರುಬೆರಳೊಂದೇ ಮಡಚಿದೆ, ಉಳಿದ ನಾಲ್ಕು ಹಾಗೇ ನಿಂತಿವೆ. ನೀನು ಬಾಯಿ ತೆರೆಯುವಷ್ಟರಲ್ಲಿ ಜನ ನಕ್ಕರು. ನಾನೂ ನಕ್ಕೆ. ನಾಚಿಕೆಯಾಗುತ್ತದೆ ಅಕ್ಕ. ಅಮ್ಮ ನನ್ನನ್ನು ಗಿರಣಿ ಎಂದು ಕರೆಯುತ್ತಿದ್ದದ್ದನ್ನು ಇಷ್ಟು ವರ್ಷ ಹೊಗಳಿಕೆ ಅಂದುಕೊಂಡಿದ್ದೆನಲ್ಲ.

ಟ್ಯಾಂಕ್ ತೊಳೆಯುವ ಮಾತು ಅಲ್ಲಿಗೇ ಬಿದ್ದುಹೋಯಿತು. ನಮ್ಮವರು ಬೆನ್ನು ತಟ್ಟಿದರು.

ನಿನ್ನೆ ಶೇವಿಂಗಿಗೆ ಹೋಗಿದ್ದೆ. ಅವತ್ತು ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹೊಡೆದವನು ನಮ್ಮ ಕಟಿಂಗ್ ಶಾಪಿನವನೇ. ಮೂಲೆಯ ಸ್ಟೌ ಮೇಲೆ ನೀರು ಕುದಿಯುತ್ತಿತ್ತು. ಇದೇನು ಎಂದು ಕೇಳಿದೆ. ಕುಡಿಯೋಕೆ ಸಾರ್, ನಿಮ್ಮಕ್ಕ ಅವತ್ತು ಹೇಳಿದ್ರಲ್ಲ, ಅವತ್ತಿಂದ ಕಾಯಿಸದೆ ಒಂದು ಗುಟುಕೂ ಕುಡಿದಿಲ್ಲ ಅಂದ. ಮತ್ತೆ ಶಿಳ್ಳೆ ಯಾಕಯ್ಯಾ ಎಂದೆ. ಅದು ನಿಮ್ಮ ಸ್ಪೀಡಿಗೆ ಸಾರ್, ಒಂದೂ ತಲೆಗೆ ಹೋಗ್ಲಿಲ್ಲ, ಆದ್ರೆ ಮಜಾ ಬಂತು ಅಂದ. ರೇಜರ್ ಗಂಟಲ ಮೇಲಿತ್ತು.

ಅವನೇನೋ ಬಚಾವಾದ. ಟ್ಯಾಂಕಿನ ಹಿಂದಿನ ಬೀದಿಯಲ್ಲಿ ಆರು ಮನೆಯವರಿಗೆ ವಾಂತಿಭೇದಿ. ನಮಗೆ ಶಾಲೆಯ ಬಟ್ಟೆ ಹೊಲಿದುಕೊಡುತ್ತಿದ್ದ ಟೈಲರಜ್ಜಿ ಆಸ್ಪತ್ರೆಯಲ್ಲಿದ್ದಾರೆ. ನೋಡಲು ಹೋದೆ. ನೀನೇ ಗೆದ್ದೆಯಲ್ಲಪ್ಪ, ಹಂಗಾದ್ರೆ ನೀರು ಚೆನ್ನಾಗೇ ಇರ್ಬೇಕು ಅಂತ ಧೈರ್ಯವಾಗಿ ಕುಡಿದೆ ಅಂದರು. ಚುಚ್ಚಿ ಆಡಿದ್ದಲ್ಲ, ಕೈ ಹಿಡಿದುಕೊಂಡು ಪ್ರೀತಿಯಿಂದಲೇ ಹೇಳಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬರುವ ಗುರುವಾರ ಹತ್ತು ಗಂಟೆಗೆ ಟೌನ್ ಹಾಲಿನಲ್ಲಿ ಇದೇ ವಿಷಯ ಮತ್ತೆ ಬರುತ್ತದೆ. ಈ ಸಲ ಲ್ಯಾಬಿನವರು ಬೇರೆ ಯಾರನ್ನೋ ಕಳಿಸುತ್ತಾರಂತೆ. ದಯವಿಟ್ಟು ನೀನೇ ಬಾ. ನಾನು ನಿನ್ನ ಎದುರು ಕೂರುವುದಿಲ್ಲ.

ನಿನ್ನ ತಮ್ಮ,
ಗಿರಣಿ

ಮರೆತಂತೆ ನಟಿಸಿದ ಮಾತೊಂದು ಉಳಿದಿದೆ. ಚರ್ಚೆಯ ಹಿಂದಿನ ದಿನವೇ ನಿನ್ನ ವರದಿಯನ್ನು ಪೂರ್ತಿ ಓದಿದ್ದೆ. ನಾನು ಕೇಳಿದ್ದಕ್ಕೆಲ್ಲ ಉತ್ತರ ಅದರಲ್ಲೇ ಇತ್ತು. ಅದನ್ನು ಓದಿದ ಸಂಜೆಯಿಂದಲೇ ನಮ್ಮ ಮನೆಗೆ ಕ್ಯಾನ್ ನೀರು ಬರುತ್ತಿದೆ. ಗುರುವಾರ ಈ ಕಾಗದ ತಂದು ಎಲ್ಲರ ಮುಂದೆ ಓದು. ನಿಧಾನವಾಗಿ ಓದು ಅಕ್ಕ, ನಾನು ಮಧ್ಯೆ ಬಾಯಿ ಹಾಕುವುದಿಲ್ಲ.