ರಾತ್ರಿಯ ಮಾತ್ರೆ

ಗಂಗೊಳ್ಳಿ
೧೯ ಫೆಬ್ರವರಿ ೨೦೨೫, ಬುಧವಾರ, ಬೆಳಿಗ್ಗೆ ಆರೂವರೆ

ಪ್ರೀತಿಯ ತಮ್ಮ ಪ್ರಖ್ಯಾತ್,

ಹೇಗಿದ್ದೀಯಾ? ತರಬೇತಿಗೆ ಹೋದಲ್ಲಿ ಹೈದರಾಬಾದಿನ ಖಾರಕ್ಕೆ ಕೆಟ್ಟಿದ್ದ ಹೊಟ್ಟೆ ಸರಿಯಾಯಿತೇ? ಅಮ್ಮ ಚೆನ್ನಾಗಿದ್ದಾಳೆ, ಸಕ್ಕರೆ ನೂರ ನಲವತ್ತರಲ್ಲಿ ನಿಂತಿದೆ.

ಅಮ್ಮನ ಗೆಳತಿ ಗಿರಿಜಕ್ಕ ಚೆನ್ನಾಗಿಲ್ಲ. ಸೋಮವಾರ ಕುಂದಾಪುರದ ಆಸ್ಪತ್ರೆಗೆ ಸೇರಿಸಿದ್ದಾರೆ. ಕಾಲು, ಮುಖ ಊದಿವೆ, ಮೂತ್ರ ಹೆಚ್ಚುಕಡಿಮೆ ನಿಂತೇಹೋಗಿದೆ. ಬೇರೆ ಯಾವ ಮದ್ದು ತಿನ್ನುತ್ತಿದ್ದರು ಎಂದು ಡಾಕ್ಟರು ಕೇಳಿದರಂತೆ. ಗಿರಿಜಕ್ಕನ ಸೊಸೆ ಶ್ರೀಲತಾ ಮನೆಯ ಡಬ್ಬಗಳನ್ನೆಲ್ಲ ಮಗುಚಿ ನೋಡಿದಳು. ಏನೂ ಸಿಗಲಿಲ್ಲ. ಹೇಗೆ ಸಿಗಬೇಕು? ಅಮ್ಮ ಕೊಡುತ್ತಿದ್ದದ್ದು ಪಟ್ಟಿಯಿಂದ ಬಿಡಿಸಿದ ಮಾತ್ರೆ, ದಿನಕ್ಕೊಂದು, ಮೀನು ಮಾರ್ಕೆಟ್ಟಿನಲ್ಲಿ, ಎಲೆಯಡಿಕೆಯೊಳಗೆ ಮಡಿಸಿ.

ಕಳೆದ ಮೇ ತಿಂಗಳಲ್ಲಿ ಸಕ್ಕರೆ ಕಾಯಿಲೆಯ ಹೊಸ ಮಾತ್ರೆಯ ಪರೀಕ್ಷೆಗೆ ಜನ ಸಾಲುತ್ತಿಲ್ಲವೆಂದು ನೀನು ಕೆಲಸ ಮಾಡುವ ಬ್ರಹ್ಮಾವರದ ಕೇಂದ್ರದಿಂದ ಫಾರಂ ಹಿಡಿದು ಬಂದೆ. ಅಮ್ಮ, ಗಿರಿಜಕ್ಕ ಇಬ್ಬರೂ ಹೆಬ್ಬೆಟ್ಟು ಒತ್ತಿದರು. ರಕ್ತ ನೋಡಿದ ಮೇಲೆ ಗಿರಿಜಕ್ಕನನ್ನು ಕೈಬಿಟ್ಟರು. ಮೂತ್ರಪಿಂಡ ಸೋತಿದೆ ಎಂಬ ಕಾರಣ ಕಾಗದದಲ್ಲಿತ್ತು. ನೀನು ಅವರಿಗೆ ಹೇಳಿದ್ದು "ನಿಮ್ಗ್ ಆತಿಲ್ಲೆ" ಎಂದಷ್ಟೇ. ಅವರು ಇಡೀ ಮಾರ್ಕೆಟ್ಟಿಗೆ ಕೇಳುವಂತೆ, "ಹ್ವಾಯ್, ನನ್ ರಕ್ತ ಎಂತ ಮೂರ್ ದಿನದ್ ಬಂಗ್ಡಿ ಮೀನಾ?" ಎಂದು ನಕ್ಕರು. ಆಮೇಲೆ ಅತ್ತರು. ಬೇರೆಯವರಿಗೆ ಸಿಕ್ಕಿದ್ದು ತನಗೆ ತಪ್ಪಿತು ಎಂದೇ ಅವರು ತಿಳಿದದ್ದು.

ಮೂವತ್ತು ವರ್ಷ ಪಕ್ಕಪಕ್ಕ ಕುಳಿತು ಮಾರಿದವರು. ಒಬ್ಬಳ ಬುಟ್ಟಿಯಲ್ಲಿ ಉಳಿದ ಮೀನನ್ನು ಸಂಜೆ ಇಬ್ಬರೂ ಅರ್ಧರ್ಧ ಮಾಡಿ ಮನೆಗೆ ಒಯ್ಯುವುದು ನಿನಗೆ ಗೊತ್ತು. ಅಮ್ಮ ಮಾತ್ರೆಯನ್ನೂ ಹಾಗೆಯೇ ಮಾಡಿದಳು. ಸೋಮವಾರ ನನ್ನೆದುರು ಬಾಯಿಬಿಟ್ಟಳು: "ಒಬ್ಳೆ ನುಂಗುಕೆ ಮನ್ಸ್ ಬತ್ತಿಲ್ಲೆ ಹೆಣೆ. ಬೆಳಿಗ್ಗಿದ್ ನಂಗೆ, ರಾತ್ರಿದ್ ಅವ್ಳಿಗೆ." ಆಸ್ಪತ್ರೆಯಲ್ಲಿ ಗಿರಿಜಕ್ಕ ಡಾಕ್ಟರಿಗೆ ಅಮ್ಮನ ಹೆಸರು ಹೇಳುತ್ತಿಲ್ಲ. ಹೇಳಿದರೆ ಅಮ್ಮನ ಮದ್ದು ನಿಲ್ಲಿಸಿಯಾರು ಎಂಬ ಹೆದರಿಕೆ.

ನನ್ನ ಪಾಲೂ ಇದೆ. ಅಮ್ಮ ಮಾತ್ರೆ ತಿಂದದ್ದನ್ನು ದಿನವೂ ತುಂಬಬೇಕಾದ ಆ ಡೈರಿಯನ್ನು ಶನಿವಾರಕ್ಕೊಮ್ಮೆ, ಅಮ್ಮನನ್ನು ಕೇಳದೆ, ವಾರಕ್ಕಾಗುವಷ್ಟು ಒಟ್ಟಿಗೆ ತುಂಬಿದ್ದೇನೆ. ಬೆಳಿಗ್ಗೆ ತೆಗೆದುಕೊಂಡರು, ರಾತ್ರಿ ತೆಗೆದುಕೊಂಡರು, ತೊಂದರೆ ಇಲ್ಲ. ಒಟ್ಟಿಗೆ ಬರೆದದ್ದೆಂಬ ಅನುಮಾನ ಬಾರದಿರಲಿ ಎಂದು "ಎರಡ್ ಪೆನ್ನಂಗೆ ಬರಿ ಅಕ್ಕ" ಎಂದು ಹೇಳಿಕೊಟ್ಟವನು ನೀನು. ಆದರೂ ಮಾತ್ರೆ ಹಂಚಿದ್ದು ನನಗೆ ತಿಳಿದದ್ದು ಮೊನ್ನೆ. ನಿನಗೆ ದೀಪಾವಳಿಯಲ್ಲೇ ತಿಳಿದಿತ್ತು. ಎಲೆಗೆ ಮಡಿಸುವುದನ್ನು ನೋಡಿ "ಖಾಲಿ ಪಟ್ಟಿ ಸರಿಯಾಗ್ ವಾಪಸ್ ಕೊಟ್ರೆ ಸಾಕ್" ಎಂದು ನಗಾಡಿದೆಯಂತೆ. ಅಮ್ಮ ಇದನ್ನು ನಿನ್ನ ಒಳ್ಳೆಯತನವೆಂದು ಹೇಳಿದಳು.

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದೇನೆ. "ಸುಮ್ನಿರ್ ಅಕ್ಕ. ಅದ್ ಬರೀ ಹಿಟ್ಟಿನ್ ಮಾತ್ರೆ ಇಪ್ಪುಕೂ ಸಾಕ್. ಹೇಳ್ರೆ ನನ್ ಕೆಲ್ಸ ಹೋತ್ತ್." ಇರಬಹುದು. ಅರ್ಧ ಜನರಿಗೆ ಮದ್ದಿಲ್ಲದ ಮಾತ್ರೆ ಕೊಡುತ್ತಾರೆ ಎಂದು ಕಾಗದದಲ್ಲೂ ಇದೆ. ಅಮ್ಮನದ್ದು ಯಾವುದೆಂದು ತುರ್ತು ಬಂದರೆ ತೆರೆದು ನೋಡುತ್ತಾರೆ ಎಂದೂ ಇದೆ. ಅದಕ್ಕೆ ಕರೆ ಮಾಡಬೇಕಾದ ನಂಬರನ್ನೂ ಕೊಟ್ಟಿದ್ದಾರೆ. ಆ ನಂಬರ್ ನಿನ್ನದು.

ಅಮ್ಮ ಬಂದರಿಗೆ ಹೋಗಿದ್ದಾಳೆ, ಇದ್ದಿದ್ದರೆ ಆಶೀರ್ವಾದ ಬರೆಸುತ್ತಿದ್ದಳು. ನಾನಾಗಿ ಅವಳ ಹೆಸರಿನಲ್ಲಿ ಇನ್ನೇನನ್ನೂ ಬರೆಯುವುದಿಲ್ಲ. ಆರೋಗ್ಯ ನೋಡಿಕೋ.

ನಿನ್ನ ಅಕ್ಕ,
ವಿನಯಾ

ಮರೆತಿದ್ದೆ: ಎಂಟೂಕಾಲಿನ ಬಸ್ಸಿಗೆ ಕುಂದಾಪುರಕ್ಕೆ ಹೋಗುತ್ತೇನೆ. ಡೈರಿ, ಉಳಿದ ಪಟ್ಟಿಗಳು ಚೀಲದಲ್ಲಿವೆ. ಗಿರಿಜಕ್ಕನ ಡಾಕ್ಟರಿಗೆ ಎಲ್ಲ ಹೇಳಿ, ಅಲ್ಲಿಂದಲೇ ಬ್ರಹ್ಮಾವರದ ದೊಡ್ಡ ಡಾಕ್ಟರಿಗೆ ಫೋನ್ ಮಾಡಿಸುತ್ತೇನೆ. ಮೆಸೇಜ್ ಹಾಕಿದ್ದರೆ ನೀನು ತಕ್ಷಣ ಬೇಡವೆನ್ನುತ್ತಿದ್ದೆ, ನಾನು ನಿಲ್ಲುತ್ತಿದ್ದೆ. ಅದಕ್ಕೇ ಅಂಚೆಗೆ ಹಾಕುತ್ತಿದ್ದೇನೆ.