ನನಗಿಂತ ಮೊದಲು ಮುಟ್ಟಿದ ದೋಣಿ

ಕಣಕುಂಬಿ, ಭಾನುವಾರ

ಆಯಿ, ನಿನ್ನ ಕಾಲಿಗೆ ಬಿದ್ದೆ. ಬೀಳುವುದು ಈಗ ಚೆನ್ನಾಗಿ ರೂಢಿಯಾಗಿದೆ.

ಉದ್ಯಮಬಾಗದ ನಮ್ಮ ಫೌಂಡ್ರಿಯಲ್ಲೆಲ್ಲ ನಾನು ಡಂಗುರ ಸಾರಿ ಬಂದಿದ್ದ ಕಯಾಕ್ ದೋಣಿ ಪಂದ್ಯ ಮುಗಿಯಿತು. ಇಲ್ಲಿಯ ಹಳ್ಳ ಹರಿಯುವುದಿಲ್ಲ, ಮೆಟ್ಟಿಲ ಮೇಲಿಂದ ಜಾರಿದ ಕೊಡದಂತೆ ಬಂಡೆಯಿಂದ ಬಂಡೆಗೆ ಉರುಳುತ್ತದೆ. ಮೊದಲ ಧುಮುಕಿನಲ್ಲೇ ನನ್ನ ದೋಣಿ ಬೋರಲಾಯಿತು. ಮಗುಚಿದರೆ ಮೇಲೇಳುವ ವಿದ್ಯೆಯನ್ನು ನಾನು ಕಲಿತದ್ದು ಕೆರೆಯ ನಿಂತ ನೀರಿನಲ್ಲಿ. ಹಳ್ಳ ಅದನ್ನು ಮಾನ್ಯ ಮಾಡಲಿಲ್ಲ. ನಾನು ಹೊರಗೆ ಬಿದ್ದೆ, ದೋಣಿ ಮುಂದೆ ಹೋಯಿತು. ಕುಂಟುತ್ತ ಗುರಿ ಮುಟ್ಟಿದಾಗ ಬಾವುಟ ಹಿಡಿದವರು, “ನಿಮ್ಮ ದೋಣಿ ಮೂರನೇ ನಂಬರ್ ಬಂತ್ರಿ. ಅದರಾಗ ನೀವೂ ಕುಂತಿದ್ರ ಬಕ್ಷೀಸ ಕೊಡ್ತಿದ್ವಿ” ಎಂದರು.

ಮೊಣಕಾಲು ತರಚಿದೆ, ಎಲುಬುಗಳು ನೆಟ್ಟಗಿವೆ. ಬಸ್ಸು ಬಂತು, ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ಸೋಸದ ನೀರು ಕುಡಿಯಬೇಡವೆಂದು ನೀನು ಕೊಟ್ಟ ಅರಿವೆಯನ್ನು ಮರೆಯಬಾರದೆಂದು ಕೊರಳಿಗೇ ಕಟ್ಟಿಕೊಂಡಿದ್ದೆ. ತಲೆಕೆಳಗಾದಾಗ ಅದು ಸೀದಾ ಬಾಯಿಗೆ ಅಡ್ಡ ಬಂತು. ಹಾಗಾಗಿ ಅರ್ಧ ಹಳ್ಳ ಕುಡಿದರೂ ಸೋಸಿಯೇ ಕುಡಿದಿದ್ದೇನೆ. ಅರಿವೆಗೆ ಸಿಕ್ಕ ಜೀವಗಳನ್ನೆಲ್ಲ ನಿನ್ನ ಜೈನ ನೇಮದಂತೆ ಅದೇ ಹಳ್ಳಕ್ಕೆ ಮರಳಿ ಬಿಟ್ಟೆ. ನನ್ನದೊಂದನ್ನು ಮಾತ್ರ ದಂಡೆಗೆ ತಂದೆ.

ಮೊಮ್ಮಗ,
ಶೀತಲ